ಲಾಗೋಸ್‌ಗೆ ಹೊರಟವರಿಗೆ ಸಿಗುವ ಆ ಒಂದೇ ಉಪದೇಶ

ಮಗನಿಗೋ ಅಳಿಯನಿಗೋ ನೈಜೀರಿಯಾದಲ್ಲಿ ಕೆಲಸ. ಮಕ್ಕಳ ರಜೆಗೆ ಮನೆಮಂದಿಯೆಲ್ಲ ಒಮ್ಮೆ ಲಾಗೋಸ್‌ಗೆ ಹೋಗಿಬರೋಣ ಎಂಬ ಮಾತು ಎದ್ದ ಕೂಡಲೇ ನಾಲ್ಕೂ ದಿಕ್ಕಿನಿಂದ ಒಂದೇ ಉಪದೇಶ ಬರುತ್ತದೆ: ‘ಇಳಿದುಕೊಳ್ಳುವುದಾದರೆ ವಿಕ್ಟೋರಿಯಾ ಐಲ್ಯಾಂಡ್, ಇಲ್ಲವೇ ಇಕೋಯಿ. ದೊಡ್ಡ ಹೋಟೆಲ್ಲೇ ಆಗಬೇಕು. ಗೇಟಿನಾಚೆ ಕಾಲಿಡಬೇಡಿ. ಮೇನ್‌ಲ್ಯಾಂಡ್ ಕಡೆ ತಲೆ ಹಾಕಲೇಬೇಡಿ.’ ಟ್ರಾವೆಲ್ ಏಜೆಂಟರು ಇದನ್ನೇ ಹೇಳುತ್ತಾರೆ, ಕಂಪನಿಯವರು ಕಳಿಸುವ ಪಟ್ಟಿಯೂ ಇದನ್ನೇ ಹೇಳುತ್ತದೆ, ಆಫ್ರಿಕಾದ ನೆಲವನ್ನೇ ಮೆಟ್ಟದ ದೊಡ್ಡಪ್ಪನೂ ಇದನ್ನೇ ಹೇಳುತ್ತಾರೆ. ಕೇಳಿದವರು ತಲೆಯಾಡಿಸಿ ಬುಕಿಂಗ್ ಮಾಡಿಬಿಡುತ್ತಾರೆ. ಹೆಂಡತಿ ಮಕ್ಕಳನ್ನು, ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವಾಗ ಸುರಕ್ಷತೆಯ ಮಾತಿಗೆ ಎದುರಾಡುವ ಧೈರ್ಯ ಯಾರಿಗಿರುತ್ತದೆ?

ನಾನು ಎದುರಾಡುತ್ತೇನೆ. ಈ ಉಪದೇಶ ಕುಟುಂಬವನ್ನು ಕಾಯುವುದಿಲ್ಲ. ಅದು ಕಾಯುತ್ತಿರುವುದು ನೂರು ವರ್ಷ ಹಳೆಯದಾದ ಒಂದು ವರ್ಣಭೇದದ ಗಡಿಯನ್ನು. ಅದನ್ನು ಮರುಮಾತಿಲ್ಲದೆ ಒಪ್ಪುವವರು ದುಡ್ಡನ್ನೂ ಸಮಯವನ್ನೂ ಕಳೆದುಕೊಳ್ಳುತ್ತಾರೆ, ನಿಜವಾದ ಅಪಾಯಕ್ಕೆ ಬೆನ್ನು ಕೊಟ್ಟು ಕೂರುತ್ತಾರೆ, ಮಕ್ಕಳಿಗೆ ಅನ್ಯಾಯದ ಪಾಠವೊಂದನ್ನು ಕಲಿಸಿ ಕರೆತರುತ್ತಾರೆ.

ಮೊದಲು ನಕ್ಷೆಯನ್ನು ನೋಡಿ. ಮುರ್ತಾಲಾ ಮೊಹಮ್ಮದ್ ವಿಮಾನ ನಿಲ್ದಾಣ ಇರುವುದು ಇಕೆಜಾದಲ್ಲಿ, ಅಂದರೆ ಮೇನ್‌ಲ್ಯಾಂಡ್‌ನಲ್ಲಿ. ಲಾಗೋಸಿನ ಒಂದೂವರೆ ಕೋಟಿಗೂ ಮಿಕ್ಕ ಜನರಲ್ಲಿ ಹೆಚ್ಚಿನ ಪಾಲು ಬದುಕುವುದೂ ಮೇನ್‌ಲ್ಯಾಂಡ್‌ನಲ್ಲೇ. ವಿಕ್ಟೋರಿಯಾ ಐಲ್ಯಾಂಡ್ ಇರುವುದು ಅಲ್ಲಿಂದ 20 ಕಿಲೋಮೀಟರಿಗೂ ದೂರ, ಹಿನ್ನೀರಿನ ಆಚೆ. ನಡುವೆ ಮೂರು ಸೇತುವೆಗಳಿವೆ. ಅವುಗಳಲ್ಲಿ ದೊಡ್ಡದು 1990ರಲ್ಲಿ ಪೂರ್ತಿಯಾದ, ಸುಮಾರು 11.8 ಕಿಲೋಮೀಟರ್ ಉದ್ದದ ಥರ್ಡ್ ಮೇನ್‌ಲ್ಯಾಂಡ್ ಬ್ರಿಜ್. ಬೆಳಿಗ್ಗೆ ಊರೆಲ್ಲ ಈ ಸೇತುವೆಗಳ ಮೇಲೆ ಐಲ್ಯಾಂಡಿನ ಕಚೇರಿಗಳಿಗೆ ಹೋಗುತ್ತದೆ, ಸಂಜೆ ಊರೆಲ್ಲ ಅದೇ ದಾರಿಯಲ್ಲಿ ಮನೆಗೆ ಮರಳುತ್ತದೆ. ಅಲ್ಲಿನವರು ಇದನ್ನು ‘ಗೋ-ಸ್ಲೋ’ ಎನ್ನುತ್ತಾರೆ. ರಾತ್ರಿಯ ವಿಮಾನಕ್ಕೆ ವಿಕ್ಟೋರಿಯಾ ಐಲ್ಯಾಂಡಿನಿಂದ ಹೊರಡುವ ಕುಟುಂಬ ಸಿಕ್ಕಿಬೀಳುವುದು ಸರಿಯಾಗಿ ಈ ಸಂಜೆಯ ಪ್ರವಾಹದಲ್ಲಿ. ಕಾರಿನ ಹಿಂದಿನ ಸೀಟಿನಲ್ಲಿ ನಿದ್ದೆಗಣ್ಣಿನ ಮಗು, ಸಕ್ಕರೆ ಕಾಯಿಲೆಯ ಅಜ್ಜಿ, ಮೂತ್ರಕ್ಕೆ ಇಳಿಯಲು ಜಾಗವಿಲ್ಲದ ಸೇತುವೆ. ಸುರಕ್ಷತೆಯ ಹೆಸರಿನಲ್ಲಿ ಕೊಟ್ಟ ಸಲಹೆ ಒಂದು ಮನೆಮಂದಿಯನ್ನು ಗಂಟೆಗಟ್ಟಲೆ ರಸ್ತೆಯಲ್ಲಿ ಕೂರಿಸಿದರೆ ಅದನ್ನು ಸುರಕ್ಷತೆ ಎಂದು ಹೇಗೆ ಕರೆಯುವುದು?

ಅದಕ್ಕಿಂತ ಗಂಭೀರವಾದ ಮಾತು ಇನ್ನೊಂದಿದೆ. ಲಾಗೋಸಿನಲ್ಲಿ ಹೊರಗಿನವರು ಫೋನು, ಕೈಚೀಲ ಕಳೆದುಕೊಳ್ಳುವ ಜಾಗಗಳಲ್ಲಿ ನಿಂತ ಟ್ರಾಫಿಕ್ಕು ಮುಖ್ಯವಾದದ್ದು. ಕಾರು ಚಲಿಸದೆ ನಿಂತಾಗ, ಕತ್ತಲಾದಾಗ, ಸೇತುವೆಯ ಇಳಿಜಾರಿನಲ್ಲಿ, ಕಿಟಕಿ ತೆರೆದಿರುವಲ್ಲಿ ಕೈ ಹಾಕುತ್ತಾರೆ. ಇದು ಲಾಗೋಸಿನ ಪ್ರತಿ ಡ್ರೈವರಿಗೂ ಗೊತ್ತು. ಹೀಗಿರುವಾಗ ಅಪಾಯವನ್ನು ಕಡಿಮೆ ಮಾಡುವ ದಾರಿ ಒಂದೇ: ನಿಮ್ಮ ದಿನ ಎಲ್ಲಿ ಕಳೆಯುತ್ತದೋ ಅದರ ಹತ್ತಿರ ಇಳಿದುಕೊಳ್ಳುವುದು, ಕತ್ತಲೆಯ ಪ್ರಯಾಣವನ್ನು ತಪ್ಪಿಸುವುದು. ಐಲ್ಯಾಂಡ್ ಉಪದೇಶ ಮಾಡುವುದು ತದ್ವಿರುದ್ಧ. ನೋಡಬೇಕಾದ ಮಗ ಇಕೆಜಾದಲ್ಲಿ, ಮಲಗುವ ಹಾಸಿಗೆ ವಿಕ್ಟೋರಿಯಾ ಐಲ್ಯಾಂಡಿನಲ್ಲಿ. ದಿನಕ್ಕೆರಡು ಸಲ ಸೇತುವೆ.

ಈ ಗಡಿ ಎಲ್ಲಿಂದ ಬಂತು ಎಂದು ನಾವು ಯಾಕೆ ಕೇಳಿಲ್ಲ? ಕೇಳಿದ್ದರೆ ಈ ಉಪದೇಶವನ್ನು ಬಾಯಲ್ಲಿ ಆಡಲೂ ನಾಚಿಕೆಯಾಗುತ್ತಿತ್ತು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ರೋಗಾಣುವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಹಿಡಿದದ್ದು 1897ರಲ್ಲಿ. ಅದಕ್ಕೂ ಮುಂಚೆ, 1883ರಲ್ಲಿ, ಬೆಂಗಳೂರಿನಲ್ಲಿ ಸೈನ್ಯದ ವೈದ್ಯನಾಗಿದ್ದಾಗಲೇ ಮನೆಯಂಗಳದ ನೀರಿನ ಪೀಪಾಯಿಗೂ ಸೊಳ್ಳೆಗೂ ಇರುವ ನಂಟನ್ನು ಅವರು ಗಮನಿಸಿದ್ದರು. ಆ ವಿಜ್ಞಾನ ಪಶ್ಚಿಮ ಆಫ್ರಿಕಾ ತಲುಪಿದಾಗ ಬ್ರಿಟಿಷ್ ಆಡಳಿತದ ಮುಂದೆ ಎರಡು ದಾರಿಗಳಿದ್ದವು. ಊರಿನ ಎಲ್ಲರಿಗೂ ಕ್ವಿನೈನ್ ಕೊಟ್ಟು, ನಿಂತ ನೀರನ್ನು ಹರಿಯಬಿಟ್ಟು ರೋಗವನ್ನು ತಡೆಯುವುದು ಒಂದು. ಆಫ್ರಿಕನ್ನರೇ ರೋಗದ ಗಣಿ ಎಂದು ಬಗೆದು ಬಿಳಿಯರನ್ನು ದೂರ ಇರಿಸುವುದು ಇನ್ನೊಂದು. 1899ರಿಂದ 1904ರವರೆಗೆ ಲಾಗೋಸಿನ ಗವರ್ನರ್ ಆಗಿದ್ದ ವಿಲಿಯಂ ಮ್ಯಾಕ್‌ಗ್ರೆಗರ್ ಸ್ವತಃ ವೈದ್ಯ. ಅವರು ಮೊದಲ ದಾರಿ ಹಿಡಿದರು, ಜನರನ್ನು ಬೇರ್ಪಡಿಸುವುದನ್ನು ವಿರೋಧಿಸಿದರು. ಅವರ ನಂತರ ಬಂದವರು ಎರಡನೆಯ ದಾರಿ ಹಿಡಿದರು. ಗವರ್ನರ್ ಜನರಲ್ ಲೂಗಾರ್ಡ್ ಕಾಲದ 1917ರ ಟೌನ್‌ಶಿಪ್ ಕಾನೂನಿನ ವ್ಯವಸ್ಥೆಯಲ್ಲಿ ಯುರೋಪಿಯನ್ನರಿಗೆ ಬೇರೆಯೇ ಬಡಾವಣೆ; ಅದಕ್ಕೂ ಊರಿಗೂ ನಡುವೆ ಕಟ್ಟಡಗಳಿಲ್ಲದ 440 ಗಜದ ಬಯಲು. ಇಕೋಯಿ ಬೆಳೆದದ್ದು ಹಾಗೆ, ಯುರೋಪಿಯನ್ನರ ಮೀಸಲು ಬಡಾವಣೆಯಾಗಿ. ಹಳೆಯ ಲಾಗೋಸಿಗೂ ಇಕೋಯಿಗೂ ನಡುವೆ ಹರಿದ ಕಾಲುವೆಯೇ ಗಡಿಯಾಯಿತು. ಆ ಕಾಲುವೆಗೆ ಇಂಥ ಗಡಿ ಬೇಡವೆಂದಿದ್ದ ಮ್ಯಾಕ್‌ಗ್ರೆಗರ್ ಹೆಸರೇ ಉಳಿದದ್ದು ಚರಿತ್ರೆಯ ಕ್ರೌರ್ಯ.

ದಂಡು ಪ್ರದೇಶವನ್ನೂ ಪೇಟೆಯನ್ನೂ ಬೇರೆ ಬೇರೆ ಇಟ್ಟ ಬೆಂಗಳೂರಿನ ಮಂದಿಗೆ ಇದು ಅರ್ಥವಾಗದ ಸಂಗತಿಯೇ? 1809ರ ನಂತರ ದಂಡು ಕಟ್ಟಿದವರ ದೃಷ್ಟಿಯಲ್ಲಿ ನಮ್ಮ ಪೇಟೆ ಗಲೀಜು, ರೋಗ, ಅಪಾಯ. ಆ ಪೇಟೆಯ ಗಲ್ಲಿಗಳಿಂದ ಬಂದವರ ಮೊಮ್ಮಕ್ಕಳು ಇಂದು ಲಾಗೋಸಿಗೆ ಹೋಗಿ ಬಿಳಿಯರು ಎಳೆದ ಗೆರೆಯ ಆ ಬದಿಗೆ ನಿಂತು, ಈ ಬದಿಯವರನ್ನು ಅಪಾಯವೆಂದು ಕರೆಯುತ್ತಿದ್ದಾರೆ.

ಆ ಗೆರೆ ಸಾಹೇಬರು ಹೋದ ಮೇಲೂ ಅಳಿಸಿಹೋಗಲಿಲ್ಲ. ವಿಕ್ಟೋರಿಯಾ ಐಲ್ಯಾಂಡಿಗೆ ತಾಗಿದಂತೆ ಮರೋಕೋ ಎಂಬ ಬಡವರ ದೊಡ್ಡ ವಸತಿ ಇತ್ತು. 1990ರ ಜುಲೈನಲ್ಲಿ ಲಾಗೋಸ್ ರಾಜ್ಯದ ಸೇನಾ ಸರಕಾರ ಒಂದು ವಾರದ ಗಡುವು ಕೊಟ್ಟು ಬುಲ್ಡೋಜರ್ ನುಗ್ಗಿಸಿತು. ಸುಮಾರು 3 ಲಕ್ಷ ಜನ ಮನೆ ಕಳೆದುಕೊಂಡರು ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಆ ನೆಲದ ಮೇಲೆ ಇಂದು ಶ್ರೀಮಂತರ ಬಡಾವಣೆಗಳು ನಿಂತಿವೆ. ಮಕ್ಕಳಿಗೆ ‘ಇದು ಒಳ್ಳೆಯ ಏರಿಯಾ’ ಎಂದು ತೋರಿಸುವ ತಂದೆತಾಯಿ, ಅದು ಯಾರನ್ನು ಎಬ್ಬಿಸಿ ಒಳ್ಳೆಯದಾಯಿತು ಎಂಬುದನ್ನೂ ಹೇಳುವರೇ?

ಇರಲಿ, ಚರಿತ್ರೆ ಬೇಡ, ಮನೆಮಂದಿ ಕ್ಷೇಮವಾಗಿ ಮರಳಿದರೆ ಸಾಕು ಎನ್ನುವವರಿಗೆ ಕ್ಷೇಮದ ಲೆಕ್ಕವನ್ನೇ ಒಪ್ಪಿಸುತ್ತೇನೆ. ಜಗತ್ತಿನಲ್ಲಿ ಮಲೇರಿಯಾದ ಹೊರೆ ಅತಿ ಹೆಚ್ಚಿರುವ ದೇಶ ನೈಜೀರಿಯಾ. ಒಟ್ಟು ಪ್ರಕರಣಗಳಲ್ಲಿ ಸುಮಾರು ಕಾಲು ಪಾಲು ಅಲ್ಲಿಯವು, ಸಾಯುವವರಲ್ಲಿ ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಹೋಗುವ ಮಗುವಿನ ಮೈಯಲ್ಲಿ ಈ ಜ್ವರಕ್ಕೆ ತಡೆಶಕ್ತಿ ಇರುವುದಿಲ್ಲ. ಕುಟುಂಬಕ್ಕೆ ಎದುರಾಗುವ ದೊಡ್ಡ ಅಪಾಯ ಇದು. ಆ ಉಪದೇಶದಲ್ಲಿ ಸೊಳ್ಳೆಯ ಬಗ್ಗೆ ಒಂದು ಮಾತಾದರೂ ಇದೆಯೇ? ಕೋಣೆಯ ಕಿಟಕಿಗೆ ಜಾಲರಿ ಇದೆಯೇ, ಹಾಸಿಗೆಗೆ ಪರದೆ ಕೊಡುತ್ತಾರೆಯೇ, ಹೋಟೆಲಿನ ಹಿಂಬದಿಯಲ್ಲಿ ನೀರು ನಿಂತಿದೆಯೇ, ಹೊರಡುವ ಮುಂಚೆ ವೈದ್ಯರನ್ನು ಕೇಳಿ ಮಾತ್ರೆ ಶುರು ಮಾಡಿದಿರಾ ಎಂದು ಯಾರಾದರೂ ವಿಚಾರಿಸುತ್ತಾರೆಯೇ? ಹಳದಿ ಜ್ವರದ ಲಸಿಕೆಯನ್ನು ಹತ್ತು ದಿನ ಮುಂಚೆಯೇ ಹಾಕಿಸಿರಬೇಕು, ಆ ಕಾರ್ಡ್ ಇಲ್ಲದೆ ಮರಳಿದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಪ್ರತ್ಯೇಕವಾಗಿ ಇಡುತ್ತಾರೆ ಎಂಬುದನ್ನಾದರೂ ಹೇಳುತ್ತಾರೆಯೇ? ಅಂದು ಸೊಳ್ಳೆಯನ್ನು ನೆಪ ಮಾಡಿ ಮನುಷ್ಯರ ನಡುವೆ ಗಡಿ ಎಳೆದರು. ಇಂದು ನಾವು ಸೊಳ್ಳೆಯನ್ನು ಮರೆತು ಗಡಿಯನ್ನು ಮಾತ್ರ ಉಳಿಸಿಕೊಂಡಿದ್ದೇವೆ. ಸೊಳ್ಳೆಗೆ ಇಕೋಯಿಯೂ ಒಂದೇ, ಮೇನ್‌ಲ್ಯಾಂಡಿನ ಯಾಬಾವೂ ಒಂದೇ.

ದುಬಾರಿ ಏರಿಯಾ ಎಂದರೆ ಗಟ್ಟಿ ಕಟ್ಟಡ ಎಂಬ ನಂಬಿಕೆಯೂ ಈ ಉಪದೇಶದ ಬೆನ್ನಿಗಿದೆ. 2021ರ ನವೆಂಬರ್ 1ರಂದು ಕಟ್ಟುತ್ತಿರುವಾಗಲೇ ಕುಸಿದು 40ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ 21 ಮಹಡಿಯ ಕಟ್ಟಡ ಇದ್ದದ್ದು ಇಕೋಯಿಯಲ್ಲಿ, ಹಣವಂತರ ಬೀದಿಯಲ್ಲಿ. ಇನ್ನು ಮಳೆ. ವಿಕ್ಟೋರಿಯಾ ಐಲ್ಯಾಂಡ್, ಅದರ ಪಕ್ಕದ ಲೆಕ್ಕಿ ಎರಡೂ ಸಮುದ್ರಮಟ್ಟದಿಂದ ಹೆಚ್ಚು ಎತ್ತರವಿಲ್ಲದ ನೆಲ. ಎಷ್ಟೋ ಭಾಗ ಜೌಗು ನೆಲವನ್ನು ತುಂಬಿಸಿ ಮಾಡಿದ್ದು. ಜೂನ್, ಜುಲೈನಲ್ಲಿ ಮಳೆ ಜಡಿದರೆ ರಸ್ತೆಗಳು ಮುಳುಗುತ್ತವೆ, ಕಾರುಗಳು ತೇಲುತ್ತವೆ. ಯಾವ ತಿಂಗಳಲ್ಲಿ ಹೋಗುತ್ತೀರಿ ಎಂದು ಕೇಳದೆಯೇ ಐಲ್ಯಾಂಡಿಗೆ ಕಳಿಸುವವರು ಯಾವ ಕಾಳಜಿಯಿಂದ ಮಾತಾಡುತ್ತಿದ್ದಾರೆ?

ಹಾಗಾದರೆ ಈ ಭಯ ಯಾವುದರದ್ದು? ಒಳಗಿರುವುದನ್ನು ಆಡಿಯೇ ಬಿಡೋಣ. ಇದು ಕಪ್ಪು ಮೈಬಣ್ಣದ ಭಯ. ಬೆಂಗಳೂರಿನಲ್ಲಿ ಆಫ್ರಿಕಾದ ವಿದ್ಯಾರ್ಥಿಗಳಿಗೆ ಬಾಡಿಗೆ ಮನೆ ಕೊಡದಿರುವ, ಯಾವ ದೇಶದವರಾದರೂ ಎಲ್ಲರನ್ನೂ ‘ನೈಜೀರಿಯನ್’ ಎಂದು ಒಂದೇ ಮಾತಿನಲ್ಲಿ ಮುಗಿಸುವ ಅದೇ ಭಯ. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೊರವಲಯದಲ್ಲಿ ಗುಂಪೊಂದು ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಹಲ್ಲೆ ಮಾಡಿತು. ಅದಕ್ಕೆ ಮುಂಚೆ ನಡೆದ ಅಪಘಾತವೊಂದರಲ್ಲಿ ಕಾರು ಓಡಿಸುತ್ತಿದ್ದವನು ಸುಡಾನಿನವನು. ಆಕೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಮೈಬಣ್ಣ ಒಂದೇ ಆಗಿದ್ದು ಸಾಕಾಯಿತು. ಆ ರಾತ್ರಿಯ ನಂತರ ಆಫ್ರಿಕಾದ ಊರುಗಳಲ್ಲಿ ತಂದೆತಾಯಂದಿರು ‘ಬೆಂಗಳೂರಿಗೆ ಹೋದರೆ ಗೇಟಿನಾಚೆ ಕಾಲಿಡಬೇಡಿ’ ಎಂದು ಮಕ್ಕಳಿಗೆ ಹೇಳಿದ್ದರೆ ಅವರಿಗೆ ನಮಗಿಂತ ಹೆಚ್ಚಿನ ಕಾರಣವಿತ್ತು.

ಸುದ್ದಿಯಲ್ಲಿ ಅಪಹರಣ, ಬೋಕೋ ಹರಾಂ ಎಂದು ಕೇಳಿದ್ದೇವಲ್ಲ ಎಂಬ ಉತ್ತರ ಬರುತ್ತದೆ. 2014ರ ಏಪ್ರಿಲ್‌ನಲ್ಲಿ ಬೋಕೋ ಹರಾಂ ಉಗ್ರರು ಶಾಲೆಯ ಹುಡುಗಿಯರನ್ನು ಹೊತ್ತೊಯ್ದ ಚಿಬೋಕ್ ಇರುವುದು ಈಶಾನ್ಯದ ಬೋರ್ನೋ ರಾಜ್ಯದಲ್ಲಿ. ಲಾಗೋಸ್ ಇರುವುದು ನೈಋತ್ಯದ ಕಡಲ ತುದಿಯಲ್ಲಿ. ನಡುವೆ ಸಾವಿರ ಕಿಲೋಮೀಟರಿಗೂ ಹೆಚ್ಚಿನ ದೂರ, ಬೇರೆ ಭಾಷೆ, ಬೇರೆ ಹವೆ, ಬೇರೆ ರಾಜಕೀಯ. ಮಣಿಪುರದಲ್ಲಿ ಗಲಭೆಯಾಯಿತೆಂದು ಮಂಗಳೂರಿಗೆ ಬರುವವನು ಹೋಟೆಲ್ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತರೆ ನಮಗೆ ಸಿಟ್ಟು ಬರುತ್ತದೆ. ಇಪ್ಪತ್ತು ಕೋಟಿಗೂ ಹೆಚ್ಚು ಜನರ ದೇಶಕ್ಕೆ ಅಷ್ಟು ನ್ಯಾಯವನ್ನೂ ಕೊಡಲಾಗದೇ?

ಈಗ ಕುಟುಂಬದ ವಿಷಯಕ್ಕೇ ಬರೋಣ. ನೈಜೀರಿಯಾದಲ್ಲಿರುವ ಭಾರತೀಯರು 50,000ಕ್ಕೂ ಹೆಚ್ಚು. ಔಷಧ, ಪ್ಲಾಸ್ಟಿಕ್, ಉಕ್ಕು, ಆಹಾರ ಪದಾರ್ಥದ ಎಷ್ಟೋ ಕಾರ್ಖಾನೆಗಳು, ಗೋದಾಮುಗಳು ಇಕೆಜಾ, ಇಲುಪೆಜು, ಅಪಾಪಾ ಸುತ್ತಮುತ್ತ ಇವೆ. ಅಲ್ಲಿ ಕೆಲಸ ಮಾಡುವವರು ಅಲ್ಲೇ ಮನೆ ಮಾಡಿಕೊಂಡಿದ್ದಾರೆ. ನಮ್ಮವರ ಮಕ್ಕಳು ಕಲಿಯುವ ಇಂಡಿಯನ್ ಲ್ಯಾಂಗ್ವೇಜ್ ಸ್ಕೂಲ್ ಇಲುಪೆಜುವಿನಲ್ಲಿದೆ. ಬೇಳೆ, ಹುಣಸೆಹಣ್ಣು, ಸಾಂಬಾರ್ ಪುಡಿ ಸಿಗುವ ಅಂಗಡಿಗಳು ಆ ಕಡೆಯೇ ಇವೆ. ಸಾವಿರಾರು ಭಾರತೀಯ ಸಂಸಾರಗಳು ವರ್ಷಗಟ್ಟಲೆ ಬಾಳುತ್ತಿರುವ ಬೀದಿ ಎರಡು ವಾರಕ್ಕೆ ಬಂದ ಅತ್ತೆ ಮಾವನಿಗೆ ಅಪಾಯದ್ದು ಹೇಗಾಗುತ್ತದೆ? ಮಗ ದುಡಿಯುವ, ಸೊಸೆ ತರಕಾರಿ ಕೊಳ್ಳುವ, ಮೊಮ್ಮಗಳು ಶಾಲೆಗೆ ಹೋಗುವ ಜಾಗವನ್ನೇ ನೋಡದೆ, ಹಿನ್ನೀರಿನಾಚೆಯ ಹವಾನಿಯಂತ್ರಿತ ಕೋಣೆಯಿಂದ ಬರಿ ಫೋನಿನಲ್ಲಿ ಮಾತಾಡಿ ಮರಳುವುದಾದರೆ ಊರಲ್ಲಿದ್ದುಕೊಂಡೇ ಮಾತಾಡಬಹುದಿತ್ತು.

ಸಸ್ಯಾಹಾರಿಗಳು ಹೊರಗೆ ಏನು ತಿನ್ನುವುದು ಎಂಬ ಹೆದರಿಕೆಯನ್ನೂ ಇದಕ್ಕೆ ಸೇರಿಸುತ್ತಾರೆ. ಯೊರುಬಾ ಜನರ ಬೆಳಗಿನ ತಿಂಡಿ ಅಕಾರ. ಅಲಸಂದೆ ಕಾಳನ್ನು ನೆನೆಸಿ, ಸಿಪ್ಪೆ ತೆಗೆದು, ಈರುಳ್ಳಿ ಮೆಣಸಿನಕಾಯಿ ಹಾಕಿ ರುಬ್ಬಿ, ಹಿಟ್ಟನ್ನು ಚೆನ್ನಾಗಿ ಬಡಿದು ಎಣ್ಣೆಯಲ್ಲಿ ಕರಿಯುತ್ತಾರೆ. ಒಳಗೆ ಮೆತ್ತಗೆ, ಹೊರಗೆ ಗರಿಗರಿ. ಬೀದಿ ಮೂಲೆಯಲ್ಲಿ ಬಾಣಲೆ ಇಟ್ಟುಕೊಂಡು ಕೂತ ಹೆಂಗಸಿನಿಂದ ಬಿಸಿಬಿಸಿ ಕೊಂಡು ತಿಂದ ನಮ್ಮ ಅಜ್ಜಿಯರು ಎರಡನೆಯದಕ್ಕೆ ಕೈ ಚಾಚದೆ ಇರುವುದಿಲ್ಲ. ಕೆಂಡದ ಮೇಲೆ ಸುಟ್ಟ ಬಾಳೆಕಾಯಿ ‘ಬೋಲಿ’ಯನ್ನು ಕಡಲೆಕಾಯಿ ಬೀಜದ ಜೊತೆ ತಿನ್ನುತ್ತಾರೆ. ಹೋಳು ಮಾಡಿ ಕರಿದ ಮಾಗಿದ ಬಾಳೆ ‘ದೋದೋ’. ಮೊಯಿ ಮೊಯಿ ಎಂಬ ಆವಿಯ ಕಡುಬಿನಲ್ಲಿ ಮೀನು, ಮೊಟ್ಟೆ ಇರುವುದುಂಟು. ಜೊಲೋಫ್ ಅನ್ನಕ್ಕೆ ಮಾಂಸದ ಸಾರು ಹಾಕಿರುವುದುಂಟು. ಅವನ್ನು ಕೇಳಿ ತಿನ್ನಬೇಕು. ಇಷ್ಟು ತಿಳಿವಳಿಕೆ ಸಾಕು. ಒಂದು ನಾಡಿನ ಊಟವನ್ನು ತಿನ್ನದೆ, ಅದನ್ನು ಮಾಡಿದ ಕೈಯನ್ನು ನೋಡದೆ, ‘ಆಫ್ರಿಕಾ ನೋಡಿ ಬಂದೆವು’ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ.

ಮಕ್ಕಳಿಗೆ ತೋರಿಸುವುದಕ್ಕೆ ಐಲ್ಯಾಂಡಿನಲ್ಲಿ ಮಾತ್ರ ಏನೋ ಇದೆ ಎಂಬುದೂ ಸುಳ್ಳು. ಸಂಗೀತಗಾರ ಫೆಲಾ ಕುಟಿ ಬಾಳಿದ ಮನೆ ಈಗ ಕಲಕುಟಾ ಮ್ಯೂಸಿಯಂ, ಅದು ಇಕೆಜಾದಲ್ಲಿದೆ. 1977ರ ಆಫ್ರಿಕನ್ ಕಲಾ ಮಹೋತ್ಸವ ಫೆಸ್ಟಾಕ್‌ಗಾಗಿ ಕಟ್ಟಿದ ನ್ಯಾಷನಲ್ ಥಿಯೇಟರ್ ಇಗಾನ್ಮುವಿನಲ್ಲಿದೆ, 2024ರಲ್ಲಿ ಅದಕ್ಕೆ ಸಾಹಿತಿ ವೊಲೆ ಸೊಯಿಂಕಾ ಹೆಸರಿಟ್ಟರು. ಎಬುಟೆ ಮೆಟ್ಟಾದಲ್ಲಿ ಹಳೆಯ ರೈಲ್ವೆ ವಸತಿಯಿದೆ. 1962ರಲ್ಲಿ ಆರಂಭವಾದ ಲಾಗೋಸ್ ವಿಶ್ವವಿದ್ಯಾಲಯದ ಅಂಗಳ ಅಕೋಕಾದಲ್ಲಿ ಹಿನ್ನೀರಿಗೆ ತೆರೆದುಕೊಂಡಿದೆ. 2024ರಿಂದ ಓಡುತ್ತಿರುವ ರೆಡ್ ಲೈನ್ ರೈಲು ಇಕೆಜಾ, ಮುಶಿನ್, ಯಾಬಾ ದಾಟಿ ಒಯಿಂಗ್ಬೋಗೆ ಬರುತ್ತದೆ. ಇವೆಲ್ಲ ಮೇನ್‌ಲ್ಯಾಂಡ್.

ಅಚ್ಚರಿಯೆಂದರೆ ಉಪದೇಶದ ‘ಐಲ್ಯಾಂಡ್’ನಲ್ಲಿ ನಿಜವಾದ ಲಾಗೋಸ್ ಐಲ್ಯಾಂಡ್ ಕೂಡ ಸೇರಿಲ್ಲ. ಲಾಗೋಸಿನ ಅರಸ ಒಬಾನ ಅರಮನೆ ಇರುವ, ಬ್ರೆಜಿಲ್‌ನಿಂದ ಗುಲಾಮಗಿರಿ ಕಳಚಿಕೊಂಡು ಮರಳಿದವರು ಕಟ್ಟಿದ ಬೀದಿಗಳಿರುವ, ಶಿಟ್ಟಾ ಬೇ ಮಸೀದಿ ಇರುವ ಹಳೆಯ ಊರು ಅದು. ಅಲ್ಲಿಯೂ ‘ಜನ ಜಾಸ್ತಿ, ಹೋಗಬೇಡಿ’. ಅದೇ ದ್ವೀಪದ ಒನಿಕಾನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಗುಂಡೇಟಿನ ತೂತುಗಳಿರುವ ಒಂದು ಕಾರಿದೆ. 1976ರ ಫೆಬ್ರವರಿ 13ರಂದು ಆ ಕಾರಿನಲ್ಲಿ ಕೊಲೆಯಾದ ರಾಷ್ಟ್ರನಾಯಕನ ಹೆಸರೇ ನೀವು ಇಳಿದ ವಿಮಾನ ನಿಲ್ದಾಣಕ್ಕಿರುವುದು. ಹನ್ನೆರಡು ವರ್ಷದ ಮಗುವಿಗೆ ಒಂದು ದೇಶದ ಚರಿತ್ರೆ ಮನಸ್ಸಿಗೆ ತಾಗಬೇಕಾದರೆ ಇಂಥದ್ದು ಸಾಕು. ಈಜುಕೊಳದ ಬದಿಯಲ್ಲಿ ಅದು ತಾಗುವುದಿಲ್ಲ. ಐಲ್ಯಾಂಡಿನ ಇಂಥ ಜಾಗಗಳಿಗೆ ಮೇನ್‌ಲ್ಯಾಂಡಿನಿಂದ ಭಾನುವಾರವೋ, ಬೆಳಗಿನ ದಟ್ಟಣೆ ಇಳಿದ ಮೇಲೋ ಒಂದು ದಿನ ಹೋಗಿಬಂದರಾಯಿತು.

ದಯವಿಟ್ಟು ಈ ಉಪದೇಶವನ್ನು ಕೊಡುವುದನ್ನು ನಿಲ್ಲಿಸಿ. ಕಂಪನಿಗಳು ವರ್ಷಗಳಿಂದ ತಿದ್ದದ ಆ ಪಟ್ಟಿಯನ್ನು ಹರಿದು ಹೊಸದನ್ನು ಬರೆಯಲಿ. ಬರೆಯುವಾಗ ತಮ್ಮದೇ ನೈಜೀರಿಯನ್ ನೌಕರರನ್ನು ಕೇಳಲಿ. ಏಜೆಂಟರು ಮೊದಲು ‘ಯಾರನ್ನು ನೋಡಲು ಹೋಗುತ್ತಿದ್ದೀರಿ, ಅವರ ಮನೆ ಎಲ್ಲಿ, ಯಾವ ತಿಂಗಳು’ ಎಂದು ವಿಚಾರಿಸಿ ಆಮೇಲೆ ಹೋಟೆಲಿನ ಹೆಸರು ಹೇಳಲಿ. ಅಲ್ಲಿ ನೆಲೆಸಿರುವ ಕನ್ನಡದ ಮನೆಗಳವರು ತಮ್ಮ ನೆಂಟರಿಗೆ ತಾವು ಬದುಕುವ ಬೀದಿಯನ್ನೇ ತೋರಿಸಲಿ, ಅದಕ್ಕೆ ಸಂಕೋಚಪಡಬೇಕಾಗಿಲ್ಲ.

ಹೊರಟ ನೀವು ಇಕೆಜಾ, ಇಲುಪೆಜು, ಸುರುಲೆರೆ, ಯಾಬಾಗಳಲ್ಲಿ ನಿಮ್ಮವರ ಮನೆಗೆ ಹತ್ತಿರವಾದ ಜಾಗ ಹುಡುಕಿ. ಇಕೆಜಾದ ಜಿಆರ್‌ಎ ಕೂಡ ಬ್ರಿಟಿಷರ ಮೀಸಲು ಬಡಾವಣೆಯ ಕುಲಕ್ಕೇ ಸೇರಿದ್ದು, ನಿಜ. ಆದರೆ ಅದರ ಸುತ್ತ ನೀರಿಲ್ಲ, ಊರಿದೆ, ಗೇಟು ದಾಟಿದರೆ ಜನರಿದ್ದಾರೆ. ಬುಕ್ ಮಾಡುವ ಮುಂಚೆ ಕರೆ ಮಾಡಿ ಕೇಳಿ: ಜನರೇಟರ್ ರಾತ್ರಿಯಿಡೀ ಓಡುತ್ತದೆಯೇ, ನೀರು ಯಾವುದರದ್ದು, ಕಿಟಕಿಗೆ ಜಾಲರಿ ಇದೆಯೇ, ಹತ್ತಿರದ ಆಸ್ಪತ್ರೆ ಎಷ್ಟು ದೂರ, ವಿಮಾನ ನಿಲ್ದಾಣಕ್ಕೆ ತಮ್ಮದೇ ಡ್ರೈವರನ್ನು ಕಳಿಸುತ್ತಾರೆಯೇ. ಹಳದಿ ಜ್ವರದ ಕಾರ್ಡನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ. ಅಲ್ಲಿಗೆ ಹೋದ ಮೇಲೆ ಹಗಲಿನಲ್ಲಿ, ಗುರುತಿನವರೊಬ್ಬರ ಜೊತೆ, ಮಕ್ಕಳ ಕೈ ಹಿಡಿದು ಗೇಟಿನಾಚೆ ನಡೆಯಿರಿ.